ರಾಗಿಯನ್ನು ಅಳೆದ ಬೆಳಕು

ಕನಕದಾಸರ ‘ರಾಮಧಾನ್ಯ ಚರಿತೆ’ಯಲ್ಲಿ ನರೆದಲೆಗನೆಂಬ ರಾಗಿಗೂ ವ್ರೀಹಿಗನೆಂಬ ಭತ್ತಕ್ಕೂ ಹಿರಿಮೆಯ ವಿವಾದ ಹುಟ್ಟುತ್ತದೆ. ಶ್ರೀರಾಮನು ಆಗಿಂದಾಗಲೇ ತೀರ್ಪು ಕೊಡುವುದಿಲ್ಲ. ಎರಡು ಧಾನ್ಯಗಳನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಅವಧಿ ಕಳೆದು ಹೊರತೆಗೆದಾಗ ಭತ್ತ ಸೊರಗಿತ್ತು, ರಾಗಿ ಗಟ್ಟಿಯಾಗಿತ್ತು. ಇದರಲ್ಲಿ ಕುಲದ ಹಮ್ಮಿನ ವಿಡಂಬನೆ ಇದೆಯೆಂಬುದನ್ನು ವಿಮರ್ಶಕರೆಲ್ಲ ಹೇಳಿದ್ದಾರೆ. ನಾನೂ ಮೂವತ್ತು ವರ್ಷ ತರಗತಿಯಲ್ಲಿ ಅದನ್ನೇ ಹೇಳುತ್ತ ಬಂದೆ. ಆದರೆ ಕಾವ್ಯದಲ್ಲಿ ಇನ್ನೂ ಒಂದು ಮಾತಿದೆ. ಬಣ್ಣವನ್ನೂ ಮೈಯನ್ನೂ ನೋಡಿ ಬೆಲೆ ಕಟ್ಟಬಾರದು, ಒಳಗಿನ ಸತ್ತ್ವವನ್ನು ಪರೀಕ್ಷೆಗೆ ಒಡ್ಡಿಯೇ ತಿಳಿಯಬೇಕು ಎಂಬುದು ಆ ತೀರ್ಪಿನ ಹಿಂದಿರುವ ನಿಲುವು. ಆರು ತಿಂಗಳ ಸೆರೆಯಿಲ್ಲದೆ, ಕಾಳನ್ನು ಕೆಡಿಸದೆ, ಒಂದು ಗಳಿಗೆಯಲ್ಲಿ ಆ ಒಳಗನ್ನು ತಿಳಿಯುವ ಉಪಾಯವೊಂದು ನಮ್ಮ ಕಾಲಕ್ಕೆ ಒದಗಿದೆ. ಅದರ ಚರಿತ್ರೆಯನ್ನು ನಮ್ಮ ಸೀಮೆಯ ಬೆಳೆಗಳ ಜೊತೆಗಿಟ್ಟು ಹೇಳುವುದು ಈ ಭಾಷಣದ ಉದ್ದೇಶ. ನಾನು ವಿಜ್ಞಾನಿಯಲ್ಲ, ಕನ್ನಡದ ಮೇಷ್ಟರು. ನನ್ನಲ್ಲಿ ಪದ್ಯ ಓದಿ ಆಮೇಲೆ ರಸಾಯನಶಾಸ್ತ್ರದ ಅಧ್ಯಾಪಕರಾದ ಶಿಷ್ಯರು ಈ ವಿಷಯದಲ್ಲಿ ನನಗೆ ಗುರುಗಳಾಗಿದ್ದಾರೆ.

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಈ ನಾಲ್ಕು ತಾಲ್ಲೂಕುಗಳ ನೆಲ ಕೊಡುವುದರಲ್ಲಿ ಬಹುಪಾಲು ಪಿಷ್ಟ, ಇಲ್ಲವೇ ಪಿಷ್ಟದ ಬಂಧುಬಳಗ. ರಾಗಿ, ಭತ್ತ, ಮೆಕ್ಕೆಜೋಳ, ಹಾಸನದ ಮುಂಗಾರಿನ ಆಲೂಗೆಡ್ಡೆ ಇವೆಲ್ಲ ನೇರವಾಗಿ ಪಿಷ್ಟದ ಬೆಳೆಗಳು. ಅರಕಲಗೂಡಿನ ಹೊಗೆಸೊಪ್ಪಿನ ಎಲೆಯಲ್ಲಿಯೂ ಪಿಷ್ಟವಿದೆ. ಕಬ್ಬಿನ ಸಿಪ್ಪೆಯಲ್ಲಿ, ರಾಗಿಹುಲ್ಲಿನಲ್ಲಿ ಅದರ ದಾಯಾದಿಗಳಿವೆ. ಇಷ್ಟೆಲ್ಲ ಬೆಳೆದರೂ ನಾವು ಅಳೆದದ್ದು ಹೊರಗಿನಿಂದಲೇ. ಸೇರು, ಕೊಳಗ, ಪಲ್ಲ ಎಂದು ಗಾತ್ರದಿಂದ ಅಳೆದೆವು. ಆಮೇಲೆ ಕಿಲೋ, ಕ್ವಿಂಟಾಲು ಎಂದು ತೂಕದಿಂದ ಅಳೆದೆವು. ಕಾಳನ್ನು ಹಲ್ಲಿನಲ್ಲಿ ಕಚ್ಚಿ, ಹಿಡಿಯಲ್ಲಿ ಹಿಡಿದು, ಮೂಸಿ ನೋಡುವ ಜಾಣರು ಪ್ರತಿ ಊರಿನಲ್ಲೂ ಇದ್ದರು, ಈಗಲೂ ಇದ್ದಾರೆ. ಆದರೆ ಅವರ ಜಾಣ್ಮೆಯನ್ನು ಚೀಟಿಯ ಮೇಲೆ ಬರೆದು ಬೆಲೆ ಕೇಳುವಂತಿರಲಿಲ್ಲ.

‘ಪಿಷ್ಟ’ ಎಂಬ ಶಬ್ದವನ್ನು ಒಂದಿಷ್ಟು ನೋಡೋಣ. ಅದು ಸಂಸ್ಕೃತದ ‘ಪಿಷ್’ ಎಂಬ ಧಾತುವಿನಿಂದ ಬಂದದ್ದು. ಅರೆದದ್ದು, ಬೀಸಿದ್ದು ಎಂದೇ ಅದರ ಅರ್ಥ. ಹೇಳಿದ್ದನ್ನೇ ಮತ್ತೆ ಹೇಳುವುದಕ್ಕೆ ಪಂಡಿತರು ‘ಪಿಷ್ಟಪೇಷಣ’ ಎನ್ನುವುದು ಇದರಿಂದಲೇ. ಅಂದರೆ ಹಿಟ್ಟಿಗೆ ಇದ್ದ ಹೆಸರು ಹಿಟ್ಟಿನೊಳಗಿನ ಒಂದು ವಸ್ತುವಿಗೆ ಬಂದಿತು. ಆ ವಸ್ತು ಯಾವುದೆಂದು ತಿಳಿದದ್ದೇ ತಡವಾಗಿ. 1811ರಲ್ಲಿ ಕಿರ್ಖಾಫ್ ಎಂಬ ರಸಾಯನಜ್ಞ ಪಿಷ್ಟವನ್ನು ಆಮ್ಲದೊಡನೆ ಕುದಿಸಿ ಸಕ್ಕರೆಯನ್ನು ಪಡೆದ. ಸಪ್ಪೆಯಾದ ಗಂಜಿಯೊಳಗೆ ಸಿಹಿ ಅಡಗಿದೆಯೆಂಬುದು ಆಗ ಪ್ರಮಾಣಸಿದ್ಧವಾಯಿತು. ಅಯೋಡಿನ್ ತಾಗಿದರೆ ಪಿಷ್ಟ ನೀಲಿಗೆ ತಿರುಗುತ್ತದೆಂಬುದನ್ನು 1814ರಲ್ಲಿ ಫ್ರಾನ್ಸಿನಲ್ಲಿ ಕಂಡುಕೊಂಡರು. 1833ರಲ್ಲಿ ಪಾಯೆನ್ ಮತ್ತು ಪೆರ್ಸೋ ಎಂಬಿಬ್ಬರು ಮೊಳಕೆಯೊಡೆದ ಬಾರ್ಲಿಯಿಂದ ಪಿಷ್ಟವನ್ನು ಒಡೆಯುವ ಕಿಣ್ವವೊಂದನ್ನು ಬೇರ್ಪಡಿಸಿದರು. ಅದೇ ಪಾಯೆನ್ 1838ರಲ್ಲಿ ಗಿಡಮರಗಳ ಮೈಕಟ್ಟಿನಲ್ಲಿರುವ ಸೆಲ್ಯುಲೋಸನ್ನು ಗುರುತಿಸಿದ.

ಮೊಳಕೆಯ ಮಾತು ಬಂದದ್ದರಿಂದ ಹೇಳುತ್ತೇನೆ. ನಮ್ಮ ಹೆಂಗಸರು ರಾಗಿಯನ್ನು ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸಿ, ಒಣಗಿಸಿ, ಹುರಿದು, ಬೀಸಿ, ಸೋಸಿ ಕೂಸಿಗೆ ‘ಸರಿ’ ಮಾಡುತ್ತಾರಲ್ಲ, ಅಲ್ಲಿ ನಡೆಯುವುದು ಇದೇ ಕಿಣ್ವದ ಕೆಲಸ. ಮೊಳಕೆ ಬರಿಸದ ರಾಗಿಹಿಟ್ಟು ಬೇಯಿಸಿದರೆ ಅಂಟುಅಂಟಾಗಿ ಗಟ್ಟಿಯಾಗುತ್ತದೆ, ಕೂಸು ನುಂಗಲಾರದು. ಮೊಳಕೆಯ ಹಿಟ್ಟು ತೆಳ್ಳಗೆ ನಿಲ್ಲುತ್ತದೆ, ತಾನಾಗಿ ಸಿಹಿಯಾಗುತ್ತದೆ. ಆದ್ದರಿಂದ ಅಷ್ಟೇ ತೆಳುವಾದ ಒಂದು ಒಳಲೆಯಲ್ಲಿ ಹೆಚ್ಚು ಹಿಟ್ಟನ್ನು ಹಿಡಿಸಬಹುದು. ಮೈಸೂರಿನ ಚೆಲುವಾಂಬ ಮಹಲಿನಲ್ಲಿ 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದಲ್ಲಿ ಎನ್. ಜಿ. ಮಲ್ಲೇಶಿ ಮತ್ತು ಎಚ್. ಎಸ್. ಆರ್. ದೇಶಿಕಾಚಾರ್ ಅವರು 1980ರ ದಶಕದಲ್ಲಿ ಈ ಮೊಳಕೆ ರಾಗಿಯನ್ನು ಕುರಿತು ಮಾಡಿದ ಕೆಲಸ ಪ್ರಸಿದ್ಧವಾದದ್ದು. ಅಜ್ಜಿಯರ ಕೈಯಲ್ಲಿದ್ದ ವಿದ್ಯೆಗೆ ಅವರು ಅಂಕಿಗಳನ್ನು ಕೊಟ್ಟರು.

ಈ ಅಂಕಿಗಳ ಒಳಗೆ ಒಂದು ತಮಾಷೆಯಿದೆ. ನಮ್ಮ ದೇಶದ ಆಹಾರಗಳ ಸತ್ತ್ವವನ್ನು ಪಟ್ಟಿಮಾಡುವ ಕೆಲಸ ಕೂನೂರಿನ ಪ್ರಯೋಗಾಲಯದಲ್ಲಿ ಆಕ್ರಾಯ್ಡ್ ಅವರ ಕಾಲದಲ್ಲಿ, 1937ರ ಹೊತ್ತಿಗೆ, ಪುಸ್ತಕರೂಪ ಪಡೆಯಿತು. ಆ ಪ್ರಯೋಗಾಲಯ 1958ರಲ್ಲಿ ಹೈದರಾಬಾದಿಗೆ ಹೋಗಿ ಮುಂದೆ ರಾಷ್ಟ್ರೀಯ ಪೋಷಣ ಸಂಸ್ಥೆಯಾಯಿತು. ಅಲ್ಲಿಂದ ಮತ್ತೆ ಮತ್ತೆ ಅಚ್ಚಾಗಿ, ದಶಕಗಳ ಕಾಲ ವೈದ್ಯರೂ ಗೃಹವಿಜ್ಞಾನದ ವಿದ್ಯಾರ್ಥಿಗಳೂ ನಂಬಿಕೊಂಡು ಬಂದ ಪಟ್ಟಿಯಲ್ಲಿ ನೂರು ಗ್ರಾಂ ರಾಗಿಯ ವಿವರ ಹೀಗಿದೆ: ನೀರು 13.1, ಪ್ರೋಟೀನು 7.3, ಜಿಡ್ಡು 1.3, ಖನಿಜಾಂಶ 2.7, ನಾರು 3.6, ಶರ್ಕರಪಿಷ್ಟ 72.0. ಕಾಗದ ಪೆನ್ಸಿಲು ತೆಗೆದುಕೊಂಡು ಕೂಡಿ ನೋಡಿದರೆ ಸರಿಯಾಗಿ ನೂರು ಬರುತ್ತದೆ. ಕೂಡುವುದು ಬಲು ಚೆನ್ನಾಗಿದೆಯೆಂದು ಮೆಚ್ಚುವ ಮೊದಲು ತಿಳಿಯಬೇಕಾದದ್ದು, 72 ಎಂಬ ಆ ಅಂಕಿಯನ್ನು ಯಾರೂ ಅಳೆಯಲಿಲ್ಲ ಎಂಬುದು. ಮಿಕ್ಕ ಐದನ್ನು ಅಳೆದು, ನೂರರಲ್ಲಿ ಕಳೆದು, ಉಳಿದದ್ದನ್ನು ಶರ್ಕರಪಿಷ್ಟ ಎಂದು ಬರೆದರು. ರಾಗಿಯ ಮುಕ್ಕಾಲು ಪಾಲು, ನಮ್ಮ ಜನರ ಹೊಟ್ಟೆಯನ್ನು ತುಂಬಿದ ಪಾಲು, ಪುಸ್ತಕದಲ್ಲಿ ವ್ಯವಕಲನದ ಶೇಷವಾಗಿ ನಿಂತಿತ್ತು.

ಇದು ಆಕ್ರಾಯ್ಡ್ ಅವರ ಲೋಪವಲ್ಲ. ಜಗತ್ತಿನಲ್ಲೆಲ್ಲ ಅದೇ ಪದ್ಧತಿ ಇತ್ತು. 1860ರ ದಶಕದಲ್ಲಿ ಜರ್ಮನಿಯ ವೀಂಡೆ ಎಂಬಲ್ಲಿ ದನಗಳ ಮೇವನ್ನು ಪರೀಕ್ಷಿಸಲು ರೂಪಿಸಿದ ಕ್ರಮ ಅದು. ನಾರನ್ನು ಅಳೆಯಲು ಮೊದಲು ದುರ್ಬಲ ಆಮ್ಲದಲ್ಲಿ, ಆಮೇಲೆ ಕ್ಷಾರದಲ್ಲಿ ಕುದಿಸಿ, ಕರಗದೆ ಉಳಿದದ್ದನ್ನು ತೂಗುತ್ತಿದ್ದರು. ಕುದಿಯುವಾಗ ನಾರಿನ ಬಳಗದಲ್ಲೇ ಸೇರಿದ ಅನೇಕ ವಸ್ತುಗಳು ಕರಗಿ ಹೋಗುತ್ತಿದ್ದವು. ಹಾಗೆ ಹೋದದ್ದೆಲ್ಲ ಲೆಕ್ಕದಲ್ಲಿ ಪಿಷ್ಟದ ಪಾಲಿಗೆ ಜಮೆಯಾಗುತ್ತಿತ್ತು. ಹೈದರಾಬಾದಿನ ಅದೇ ಸಂಸ್ಥೆ 2017ರಲ್ಲಿ ಹೊಸ ಪಟ್ಟಿ ಪ್ರಕಟಿಸಿದಾಗ ರಾಗಿಯ ನಾರು 3.6 ಅಲ್ಲ, 11ಕ್ಕೂ ಸ್ವಲ್ಪ ಹೆಚ್ಚು ಎಂದು ಕಂಡಿತು. ಪಿಷ್ಟವನ್ನು ಬೇರೆಯಾಗಿಯೇ ಅಳೆದಾಗ ಅದು 62ರ ಸುಮಾರಿಗೆ ನಿಂತಿತು. ರಾಗಿ ಬದಲಾಗಲಿಲ್ಲ. ಮುದ್ದೆಯುಂಡವನ ಹೊಟ್ಟೆ ಬೇಗ ಹಸಿಯುವುದಿಲ್ಲ ಎಂದು ಊರವರು ಹೇಳುತ್ತಿದ್ದುದಕ್ಕೆ ಪಟ್ಟಿಯಲ್ಲಿ ಒಂದು ಸ್ಥಳ ಸಿಕ್ಕಿತು, ಅಷ್ಟೆ.

ಪಿಷ್ಟ, ಸೆಲ್ಯುಲೋಸ್, ಇನ್ನೂ ಹಲವು ಬಗೆಯ ನಾರುಗಳು ಇವನ್ನೆಲ್ಲ ಒಟ್ಟಾಗಿ ಪಾಲಿಸ್ಯಾಕರೈಡ್ ಎನ್ನುತ್ತಾರೆ. ಕನ್ನಡದಲ್ಲಿ ‘ಬಹುಶರ್ಕರ’ ಎನ್ನಬಹುದು. ಸಕ್ಕರೆಯ ಸಣ್ಣ ಸಣ್ಣ ಅಣುಗಳು ಸಾಲಾಗಿ ಕೈಹಿಡಿದು ಆದ ಸರಪಳಿಗಳು ಇವು. ಇಲ್ಲಿ ನನಗೆ ವ್ಯಾಕರಣ ನೆನಪಾಗುತ್ತದೆ. ಪಿಷ್ಟವನ್ನು ಬಿಡಿಸಿದರೂ ಸೆಲ್ಯುಲೋಸನ್ನು ಬಿಡಿಸಿದರೂ ಸಿಕ್ಕುವುದು ಗ್ಲೂಕೋಸ್ ಎಂಬ ಒಂದೇ ಅಕ್ಷರ. ಅಕ್ಷರ ಒಂದೇ ಆದರೂ ಸಂಧಿ ಬೇರೆ. ಒಂದು ಬಗೆಯ ಸಂಧಿಯಾದರೆ ಸರಪಳಿ ಸುರುಳಿಗೊಂಡು ಪಿಷ್ಟವಾಗುತ್ತದೆ. ಇನ್ನೊಂದು ಬಗೆಯ ಸಂಧಿಯಾದರೆ ನೀಟಾಗಿ ನಿಂತು ಸೆಲ್ಯುಲೋಸ್ ಆಗುತ್ತದೆ. ಹೊಳೆನರಸೀಪುರದ ಹೊಲದಲ್ಲಿ ಒಂದೇ ರಾಗಿಯ ಪೈರು. ತೆನೆ ಮನುಷ್ಯನಿಗೆ, ಹುಲ್ಲು ಹಸುವಿಗೆ. ಎರಡರಲ್ಲೂ ಗ್ಲೂಕೋಸು ಹೇರಳವಾಗಿದೆ, ಆದರೆ ಹುಲ್ಲಿನ ಸಂಧಿಯನ್ನು ಬಿಡಿಸುವ ಶಕ್ತಿ ನಮ್ಮ ಹೊಟ್ಟೆಗಿಲ್ಲ. ಹಸುವಿನ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳಿಗಿದೆ. ಮನುಷ್ಯನಿಗೂ ದನಕ್ಕೂ ಪಾಲು ಹಂಚಿದ್ದು ಈ ಒಂದು ಸಂಧಿಕಾರ್ಯ.

ಈ ಸಂಧಿಯನ್ನು ಕಣ್ಣಿಗೆ ಕಾಣಿಸಿದ್ದು ಕಣ್ಣಿಗೆ ಕಾಣದ ಬೆಳಕು. ಸಂಗೀತಗಾರನಾಗಿದ್ದು ಖಗೋಳಜ್ಞನಾದ ವಿಲಿಯಂ ಹರ್ಷೆಲ್ 1800ರಲ್ಲಿ ಸೂರ್ಯನ ಬೆಳಕನ್ನು ಗಾಜಿನ ಪಟ್ಟಕದಲ್ಲಿ ಹಾಯಿಸಿ, ಬಣ್ಣಬಣ್ಣಕ್ಕೂ ಉಷ್ಣಮಾಪಕ ಇಟ್ಟು ನೋಡುತ್ತಿದ್ದ. ಕೆಂಪಿನ ಆಚೆ, ಬಣ್ಣವೇ ಇಲ್ಲದ ಕಡೆ ಇಟ್ಟಾಗಲೂ ಪಾದರಸ ಏರಿತು. ಹಾಗೆ ಸಿಕ್ಕಿದ್ದು ಅವಕೆಂಪು ಕಿರಣ, ಇನ್‌ಫ್ರಾರೆಡ್. ಅಣುವಿನೊಳಗಿನ ಬಂಧಗಳು ಸ್ಪ್ರಿಂಗಿನಂತೆ ಸದಾ ಅದುರುತ್ತಿರುತ್ತವೆ, ಒಂದೊಂದು ಬಂಧಕ್ಕೂ ತನ್ನದೇ ಶ್ರುತಿ. ಹೊರಗಿನಿಂದ ಬಂದ ಅವಕೆಂಪು ಬೆಳಕಿನಲ್ಲಿ ತನ್ನ ಶ್ರುತಿಗೆ ಹೊಂದುವ ಅಲೆಯನ್ನು ಅದು ನುಂಗುತ್ತದೆ. ಯಾವ ಅಲೆ ಕಾಣೆಯಾಯಿತೆಂದು ನೋಡಿ ಯಾವ ಬಂಧವಿದೆಯೆಂದು ಹೇಳಬಹುದು. ಎಷ್ಟು ಕಾಣೆಯಾಯಿತೆಂದು ನೋಡಿ ಎಷ್ಟಿದೆಯೆಂದು ಹೇಳಬಹುದು. ಹೀಗೆ ಬಿಡಿಸಿಟ್ಟ ಬೆಳಕಿನ ಪಟ್ಟಿಗೆ ರೋಹಿತವೆಂದು ಹೆಸರು. ಅಮೆರಿಕದ ಕೊಬ್ಲೆಂಟ್ಸ್ 1905ರಲ್ಲಿ ನೂರಾರು ವಸ್ತುಗಳ ಅವಕೆಂಪು ರೋಹಿತಗಳನ್ನು ಪ್ರಕಟಿಸಿದ. 1954ರಲ್ಲಿ ಬರ್ಮಿಂಗ್‌ಹ್ಯಾಮಿನ ಬಾರ್ಕರ್, ಬೋರ್ನ್, ಸ್ಟೇಸಿ, ವಿಫನ್ ಎಂಬ ನಾಲ್ವರು ಸಕ್ಕರೆಯ ಬಳಗವನ್ನು ಹಿಡಿದು ನೋಡಿದರು. ಒಂದು ಸೆಂಟಿಮೀಟರಿನಲ್ಲಿ ಎಷ್ಟು ಅಲೆಗಳು ಹಿಡಿಸುತ್ತವೆ ಎಂಬ ಲೆಕ್ಕದಲ್ಲಿ, ಪಿಷ್ಟದ ಬಗೆಯ ಸಂಧಿ 844ರ ಬಳಿಯೂ ಸೆಲ್ಯುಲೋಸಿನ ಬಗೆಯ ಸಂಧಿ 891ರ ಬಳಿಯೂ ಗುರುತು ಬಿಡುತ್ತವೆಯೆಂದು ಕಂಡಿತು. ತೆನೆಗೂ ಹುಲ್ಲಿಗೂ ಇರುವ ಅಂತರ ಕಾಗದದ ಮೇಲೆ ಇಷ್ಟೇ ಇಷ್ಟು ದೂರದ ಎರಡು ಸಣ್ಣ ತಗ್ಗುಗಳು.

ಈ ವಿದ್ಯೆಯಲ್ಲಿ ಕನ್ನಡನಾಡಿನ ಪಾಲು ಸಣ್ಣದಲ್ಲ. ಬೆಂಗಳೂರಿನಲ್ಲಿ ಹುಟ್ಟಿ ಮೈಸೂರು ವಿಶ್ವವಿದ್ಯಾನಿಲಯದ ಪದವಿ ಪಡೆದ ಸಿ. ಎನ್. ಆರ್. ರಾವ್ ಅವರು, ಇನ್ನೂ ಮೂವತ್ತು ದಾಟದ ವಯಸ್ಸಿನಲ್ಲಿ, ಅವಕೆಂಪು ರೋಹಿತದ ರಾಸಾಯನಿಕ ಉಪಯೋಗಗಳನ್ನು ಕುರಿತು ಬರೆದ ಗ್ರಂಥ 1963ರಲ್ಲಿ ಹೊರದೇಶದಲ್ಲಿ ಅಚ್ಚಾಯಿತು. ಮೈಸೂರಿನ ಆಹಾರ ಸಂಶೋಧನಾಲಯದಲ್ಲಿ ಜಿ. ಮುರಳೀಕೃಷ್ಣ ಮತ್ತು ಅವರ ಸಂಗಡಿಗ ಸುಬ್ಬರಾವ್ ಅವರು ರಾಗಿಯ ಪಿಷ್ಟವಲ್ಲದ ಬಹುಶರ್ಕರಗಳನ್ನು ಬೇರ್ಪಡಿಸಿ, ಅವುಗಳಲ್ಲಿ ಅರಾಬಿನೊಕ್ಸೈಲಾನ್ ಎಂಬುದರ ರಚನೆ ಮೊಳಕೆಗೆ ಮುಂಚೆ ಹೇಗಿರುತ್ತದೆ, ಮೊಳಕೆಯ ನಂತರ ಹೇಗಿರುತ್ತದೆ ಎಂಬುದನ್ನು 2004ರಲ್ಲಿ ಪ್ರಕಟಿಸಿದರು. ಹಳೆಯ ಪಟ್ಟಿಯ ವ್ಯವಕಲನದೊಳಗೆ ಹೆಸರಿಲ್ಲದೆ ಅಡಗಿದ್ದ ವಸ್ತುವಿಗೆ ಹೀಗೆ ಹೆಸರು, ಕುಲ, ಗೋತ್ರಗಳು ದೊರೆತವು.

ಅಲ್ಲಿಯವರೆಗಿನದು ಪಂಡಿತರ ಕೆಲಸ. ಮಂಡಿಗೂ ಗಿರಣಿಗೂ ಈ ಬೆಳಕನ್ನು ತಂದವನು ಕಾರ್ಲ್ ನಾರಿಸ್ ಎಂಬ ಅಮೆರಿಕದ ಕೃಷಿ ಎಂಜಿನಿಯರು. ಕಣ್ಣಿಗೆ ಕಾಣುವ ಕೆಂಪಿಗೆ ಹತ್ತಿರದಲ್ಲೇ ಇರುವ ಅವಕೆಂಪಿನ ಭಾಗವನ್ನು ರಸಾಯನಜ್ಞರು ಮಸುಕು, ಗೋಜಲು ಎಂದು ಬದಿಗಿಟ್ಟಿದ್ದರು. ಅಲ್ಲಿ ನೀರು, ಪ್ರೋಟೀನು, ಪಿಷ್ಟಗಳ ಗುರುತುಗಳು ಒಂದರ ಮೇಲೊಂದು ಬಿದ್ದು ಬಿಡಿಸಲಾರದಂತೆ ಕಾಣುತ್ತವೆ. ನಾರಿಸ್ 1960ರ ದಶಕದಲ್ಲಿ ಆ ಗೋಜಲನ್ನು ಗಣಿತದಿಂದ ಬಿಡಿಸಿದ. ಕಾಳಿನ ಮೇಲೆ ಬೆಳಕು ಬಿಟ್ಟು, ತಿರುಗಿ ಬಂದ ಬೆಳಕನ್ನು ಲೆಕ್ಕ ಹಾಕಿದರೆ ಸಾಕು, ಕರಗಿಸಬೇಕಾಗಿಲ್ಲ, ಕುದಿಸಬೇಕಾಗಿಲ್ಲ. ಕೆನಡಾದ ಧಾನ್ಯ ಆಯೋಗ 1975ರಲ್ಲಿ ಗೋಧಿಯ ಪ್ರೋಟೀನನ್ನು ಅಳೆಯಲು ಇದನ್ನೇ ಒಪ್ಪಿಕೊಂಡಿತು. ಹಿಟ್ಟು ದಪ್ಪಗಿದ್ದರೆ ಬೆಳಕು ಒಂದು ರೀತಿ ಚದರುತ್ತದೆ, ನುಣ್ಣಗಿದ್ದರೆ ಇನ್ನೊಂದು ರೀತಿ. ಆದ್ದರಿಂದ ಪ್ರಯೋಗಾಲಯದಲ್ಲಿ ಧಾನ್ಯವನ್ನು ಒಂದೇ ಸಮ ಬೀಸಿ ಇಡುತ್ತಾರೆ. ಪಿಷ್ಟವನ್ನು ಅಳೆಯಬೇಕಾದರೆ ಮೊದಲು ಪಿಷ್ಟ ಮಾಡಬೇಕು ಎಂದು ನನ್ನ ಶಿಷ್ಯರೊಬ್ಬರಿಗೆ ಹೇಳಿದಾಗ ಅವರು ನಕ್ಕರು. ಧಾತುಪಾಠ ಅವರಿಗೆ ಇನ್ನೂ ಮರೆತಿರಲಿಲ್ಲ.

ಈ ಯಂತ್ರಕ್ಕೆ ತಾನಾಗಿ ಏನೂ ತಿಳಿಯದು ಎಂಬುದನ್ನು ಒತ್ತಿ ಹೇಳಬೇಕು. ಅದಕ್ಕೆ ಮೊದಲು ಪಾಠ ಹೇಳಬೇಕು. ನೂರಾರು ಮಾದರಿಗಳನ್ನು ಹಳೆಯ ಕ್ರಮದಲ್ಲಿ, ಅಂದರೆ ಕಿಣ್ವಗಳಿಂದ ಪಿಷ್ಟವನ್ನು ಗ್ಲೂಕೋಸಾಗಿ ಒಡೆದು, ಕೈಯಾರೆ ಅಳೆದು, ‘ಇದರಲ್ಲಿ ಇಷ್ಟು, ಅದರಲ್ಲಿ ಅಷ್ಟು’ ಎಂದು ರೋಹಿತದೊಡನೆ ಜೋಡಿಸಿ ಕೊಡಬೇಕು. ಆಮೇಲೆ ಅದು ಹೊಸ ಮಾದರಿಯನ್ನು ಹಳೆಯವುಗಳಿಗೆ ಹೋಲಿಸಿ ಅಂಕಿ ಹೇಳುತ್ತದೆ. ಗುರು ಕಲಿಸಿದ್ದನ್ನೇ ಶಿಷ್ಯ ಒಪ್ಪಿಸುತ್ತಾನೆ. ಕಲಿಸದೆ ಇದ್ದದ್ದನ್ನು ಕೇಳಿದರೂ ಅಷ್ಟೇ ಧೈರ್ಯವಾಗಿ ಒಪ್ಪಿಸುತ್ತಾನೆ. ಪರದೇಶದ ಗೋಧಿಯಿಂದ ಪಾಠ ಕಲಿತ ಯಂತ್ರದ ಮುಂದೆ ಚನ್ನರಾಯಪಟ್ಟಣದ ಕೆಮ್ಮಣ್ಣಿನ ರಾಗಿಯನ್ನಿಟ್ಟರೆ ಅದು ತಡವರಿಸದೆ ಒಂದು ಅಂಕಿ ಹೇಳೀತು, ಆ ಅಂಕಿ ಮಾತ್ರ ರಾಗಿಯದಾಗಿರುವುದಿಲ್ಲ. ತಳಿ ಬದಲಾದರೂ ಪಾಠ ಮತ್ತೆ ಆಗಬೇಕು. ಮಂಡ್ಯದ ವಿ. ಸಿ. ಫಾರಂನಲ್ಲಿ ಸಿ. ಎಚ್. ಲಕ್ಷ್ಮಣಯ್ಯನವರು ನಮ್ಮ ರಾಗಿಗೆ ಆಫ್ರಿಕದ ರಾಗಿಯನ್ನು ಕೂಡಿಸಿ ‘ಇಂಡಾಫ್’ ತಳಿಗಳನ್ನು ಹೊರತಂದರು. ಆಮೇಲೆ ಜಿಪಿಯು 28 ಬಂದಿತು, ಇನ್ನೂ ಬರುತ್ತಿವೆ. ಒಂದೊಂದು ತಳಿಯನ್ನೂ ಒಬ್ಬರು ಕುಳಿತು ಕೈಯಾರೆ ಅಳೆದಿದ್ದರೆ ಮಾತ್ರ ಬೆಳಕಿನ ತಕ್ಕಡಿ ನಿಜ ನುಡಿಯುತ್ತದೆ.

ನಮ್ಮ ಬೆಳೆಗಾರನಿಗೆ ಇದರಿಂದ ಆಗುವುದೇನು? ಅರಕಲಗೂಡಿನ ರಾಮನಾಥಪುರದ ಹರಾಜುಕಟ್ಟೆಯನ್ನು ನೋಡೋಣ. ಹೊಗೆಸೊಪ್ಪಿನ ಹಸಿ ಎಲೆಯನ್ನು ಬ್ಯಾರನ್ನಿನಲ್ಲಿ ತೂಗುಹಾಕಿ, ಮೊದಲು ಹದವಾದ ಬಿಸಿಯಲ್ಲಿ ತೇವ ಆರದಂತೆ ಇಟ್ಟಾಗ ಅದು ಹಳದಿಗೆ ತಿರುಗುತ್ತದೆ. ಆ ಒಂದೆರಡು ದಿನಗಳಲ್ಲಿ ಎಲೆಯೊಳಗಿನ ಪಿಷ್ಟದ ಬಹುಪಾಲು ಸಕ್ಕರೆಯಾಗುತ್ತದೆ. ಬಿಸಿ ಬೇಗ ಏರಿಸಿದರೆ ಪಿಷ್ಟ ಹಾಗೇ ಉಳಿದು ಸೊಪ್ಪು ಕೆಡುತ್ತದೆ. ಇದನ್ನು ರೈತ ರಾತ್ರಿಯೆಲ್ಲ ಎದ್ದು ಕುಳಿತು ಬಣ್ಣದಿಂದ ಅಳೆಯುತ್ತಾನೆ. ಕೊಳ್ಳುವವರು ಕಟ್ಟೆಯಲ್ಲಿ ಬಣ್ಣ ನೋಡಿಯೇ ಕೂಗುತ್ತಾರೆ. ಆದರೆ ಈ ವ್ಯಾಪಾರದ ದೊಡ್ಡ ಕಂಪನಿಗಳ ಪ್ರಯೋಗಾಲಯಗಳಲ್ಲಿ ಸೊಪ್ಪಿನ ಸಕ್ಕರೆಯನ್ನು ಅಳೆಯುವುದು ಅವಕೆಂಪು ಬೆಳಕಿನಿಂದಲೇ. ಆ ಅಂಕಿ ಬ್ಯಾರನ್ನಿನ ಬಾಗಿಲಿಗೆ ಹಿಂತಿರುಗಿ ಬರುವುದಿಲ್ಲ.

ಚನ್ನರಾಯಪಟ್ಟಣದ ಕಡೆಯ ಕಬ್ಬಿನದು ಇನ್ನೊಂದು ಕಥೆ. ಸಕ್ಕರೆಯನ್ನು ಬೆಳಕಿನಿಂದ ಅಳೆಯುವುದು ಅಲ್ಲಿ ಹಳೆಯ ಪದ್ಧತಿ. ಸಕ್ಕರೆಯ ನೀರು ಬೆಳಕಿನ ತಿರುವನ್ನು ಬದಲಿಸುತ್ತದೆಂಬುದು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲೇ ತಿಳಿದಿತ್ತು. ಕಡಿದ ಕಬ್ಬು ಗಾಡಿಯಲ್ಲಿ, ಲಾರಿಯಲ್ಲಿ ಸರದಿಗಾಗಿ ಕಾಯುತ್ತ ನಿಂತರೆ ಸೂಕ್ಷ್ಮಜೀವಿಗಳು ಅದರ ಸಕ್ಕರೆಯನ್ನು ತಿಂದು ಡೆಕ್ಸ್‌ಟ್ರಾನ್ ಎಂಬ ಬಹುಶರ್ಕರವನ್ನು ಕಟ್ಟುತ್ತವೆ. ಅದು ರಸವನ್ನು ಲೋಳೆಯಾಗಿಸುತ್ತದೆ. ಸಾಲದುದಕ್ಕೆ ಬೆಳಕನ್ನು ಸಕ್ಕರೆಗಿಂತ ಹೆಚ್ಚು ತಿರುಗಿಸಿ, ಇಲ್ಲದ ಸಕ್ಕರೆಯನ್ನು ಇದೆಯೆಂದು ತೋರಿಸುತ್ತದೆ. ಬೆಳಕೂ ಸುಳ್ಳು ಹೇಳುವ ಸಂದರ್ಭಗಳಿವೆ ಎನ್ನುವುದಕ್ಕಾಗಿ ಈ ಮಾತು.

ಹಾಸನದ ಆಲೂಗೆಡ್ಡೆಯನ್ನು ಕೊನೆಗಿಟ್ಟುಕೊಂಡೆ. ಜಲಂಧರದಿಂದ ಬೀಜ ತರಿಸಿ ಮುಂಗಾರಿಗೆ ಬಿತ್ತುವ ಈ ಬೆಳೆ ಒಂದು ಕಾಲಕ್ಕೆ ಜಿಲ್ಲೆಯ ಹೆಮ್ಮೆಯಾಗಿತ್ತು. ಅಂಗಮಾರಿ ರೋಗದ ಹೊಡೆತಕ್ಕೆ ಸಿಕ್ಕಿ ಅನೇಕರು ಮೆಕ್ಕೆಜೋಳಕ್ಕೂ ಶುಂಠಿಗೂ ತಿರುಗಿಕೊಂಡರು. ಇಲ್ಲಿ ಹೆಚ್ಚಾಗಿ ಹಾಕಿದ ಕುಫ್ರಿ ಜ್ಯೋತಿ 1968ರಲ್ಲಿ ಬಿಡುಗಡೆಯಾದ ತಳಿ. ಚಿಪ್ಸು ಮಾಡುವುದಕ್ಕೆಂದೇ ಚಿಪ್ಸೋನಾ ತಳಿಗಳು 1998ರಲ್ಲಿ ಬಂದವು. ಗೆಡ್ಡೆಯ ಐದರಲ್ಲಿ ನಾಲ್ಕು ಪಾಲು ನೀರು, ಉಳಿದ ಒಂದು ಪಾಲಿನಲ್ಲಿ ಹೆಚ್ಚಿನದು ಪಿಷ್ಟ. ಸಾಮಾನ್ಯ ಮಂಡಿಯಲ್ಲಿ ಮೂಟೆ ತೂಗುವಾಗ ನೀರಿಗೂ ಪಿಷ್ಟಕ್ಕೂ ಒಂದೇ ಬೆಲೆ. ಚಿಪ್ಸಿನವರು ಮಾತ್ರ ನೀರಿಗೆ ಹಣ ಕೊಡಲೊಲ್ಲರು. ನೀರು ಹೆಚ್ಚಿದ್ದರೆ ಎಣ್ಣೆ ಹೆಚ್ಚು ಕುಡಿಯುತ್ತದೆ. ತಣ್ಣಗಿನ ಉಗ್ರಾಣದಲ್ಲಿಟ್ಟು ಪಿಷ್ಟ ಸಕ್ಕರೆಯಾಗಿದ್ದರೆ ಕರಿದಾಗ ಕಪ್ಪಾಗುತ್ತದೆ. ಆದ್ದರಿಂದ ಅವರು ಒಳಗನ್ನು ಅಳೆದೇ ಕೊಳ್ಳುತ್ತಾರೆ, ಒಪ್ಪಿಗೆಯಾಗದ ಲೋಡು ಹಿಂದಕ್ಕೆ ಹೋಗುತ್ತದೆ. ಅಳೆಯುವ ಉಪಕರಣ ಕೊಳ್ಳುವವನ ಕೈಯಲ್ಲಿ ಮಾತ್ರ ಇದ್ದಾಗ, ಬೆಳೆದವನು ಅವನ ಅಂಕಿಯನ್ನು ಒಪ್ಪಬೇಕು, ಇಲ್ಲವೇ ಲಾರಿ ತಿರುಗಿಸಬೇಕು. ಲಾರಿಯ ಬಾಡಿಗೆ ಯಾರದೆಂದು ನಮ್ಮ ಕಡೆಯವರಿಗೆ ನಾನು ಹೇಳಬೇಕಾಗಿಲ್ಲ.

ಅಂಥ ಯಂತ್ರ ಊರೂರಿಗೆ ಬರುವ ತನಕ ರೈತನ ಮನೆಯಲ್ಲೇ ಆಗುವ ಒಂದು ಪರೀಕ್ಷೆಯಿದೆ. ಯೂರೋಪಿನ ಪಿಷ್ಟದ ಕಾರ್ಖಾನೆಗಳು ಗೆಡ್ಡೆಯನ್ನು ನೀರಿನೊಳಗೆ ಮುಳುಗಿಸಿ ತೂಗಿ ಬೆಲೆ ಕಟ್ಟುತ್ತಿದ್ದ ಕ್ರಮದ ಬಡ ತಮ್ಮ ಅದು. ಪಿಷ್ಟ ನೀರಿಗಿಂತ ಭಾರ. ಒಂದು ಪಾವು ಉಪ್ಪಿಗೆ ಹನ್ನೊಂದು ಪಾವು ನೀರು ಹಾಕಿ ಬಕೆಟ್ಟಿನಲ್ಲಿ ಕರಗಿಸಿ, ಗೆಡ್ಡೆಗಳನ್ನು ಒಂದೊಂದಾಗಿ ಬಿಡಬೇಕು. ಪಿಷ್ಟ ಹೆಚ್ಚಿರುವುದು ತಳಕ್ಕಿಳಿಯುತ್ತದೆ, ಬೇಯಿಸಿದರೆ ಹಿಟ್ಟುಹಿಟ್ಟಾಗಿ ಒಡೆಯುತ್ತದೆ. ನೀರು ಹೆಚ್ಚಿರುವುದು ತೇಲುತ್ತದೆ. ಹುಳಿಯಲ್ಲಿ ಹಾಕಿದರೆ ಹೋಳು ಹೋಳಾಗಿಯೇ ನಿಲ್ಲುತ್ತದೆ. ನೂರು ಗೆಡ್ಡೆಗಳಲ್ಲಿ ಎಷ್ಟು ಮುಳುಗಿದವು ಎಂದು ಎಣಿಸಿ ಬರೆದಿಟ್ಟುಕೊಂಡು ಲೋಡು ಕಳಿಸುವವರು ಹಾಸನದ ಸುತ್ತ ಈಗ ಒಬ್ಬಿಬ್ಬರಿದ್ದಾರೆ.